ಕರುಳಿನ ಉರಿಯೂತಕ್ಕೆ ಸಸ್ಯಮೂಲದ ಮದ್ದು: ಹೇಗೆ ಆರಿಸಬೇಕು, ಹೇಗೆ ಬಳಸಬೇಕು?

ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ ಇರುವವರು ವರ್ಷಗಟ್ಟಲೆ ಔಷಧಿ ಸೇವಿಸಬೇಕಾಗುವುದರಿಂದ, ಅವರ ಮನಸ್ಸು ಗಿಡಮೂಲಿಕೆಗಳತ್ತ ಹರಿಯುವುದು ಸಹಜ. ಇವುಗಳಲ್ಲಿ ಕೆಲವಕ್ಕೆ ನಿಜವಾದ ಗುಣವಿದೆ ಎಂಬುದು ರೋಗಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಆ ಗುಣ ಕಂಡದ್ದು ಹೆಚ್ಚಾಗಿ ವೈದ್ಯರು ಕೊಟ್ಟ ಔಷಧಿಯ ಜೊತೆಗೆ, ನಿರ್ದಿಷ್ಟ ಪ್ರಮಾಣದಲ್ಲಿ ಸೇವಿಸಿದಾಗ.

ಮೊದಲು ನಿಮ್ಮ ಕಾಯಿಲೆ ಯಾವುದು, ಎಷ್ಟು ತೀವ್ರವಾಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತವಾದರೆ, ಕ್ರೋನ್ಸ್ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು ಕರುಳಿನ ಗೋಡೆಯ ಆಳಕ್ಕೂ ಇಳಿಯಬಲ್ಲದು. ಸಸ್ಯಮೂಲದ ಮದ್ದುಗಳ ಉತ್ತಮ ಫಲಿತಾಂಶಗಳು ಹೆಚ್ಚಾಗಿ ಬಂದಿರುವುದು ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಕೊಲೈಟಿಸ್‌ನಲ್ಲಿ. ಉರಿಯೂತದ ಮಟ್ಟವನ್ನು ತೋರಿಸುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲಪರೀಕ್ಷೆಯನ್ನು ಮದ್ದು ಆರಂಭಿಸುವ ಮುನ್ನವೇ ಮಾಡಿಸಿಟ್ಟುಕೊಂಡರೆ, ಮುಂದೆ ಹೋಲಿಸಿ ನೋಡಲು ಒಂದು ಆಧಾರ ಸಿಗುತ್ತದೆ.

ಎರಡನೆಯದು ಆಯ್ಕೆ. ಇಲ್ಲಿ ಅರಿಸಿನದ ಕರ್ಕ್ಯುಮಿನ್‌ಗೇ ಮೊದಲ ಸ್ಥಾನ ಸಲ್ಲಬೇಕು. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮೆಸಲಮೈನ್ ಎಂಬ ಉರಿಯೂತ ತಗ್ಗಿಸುವ ಔಷಧಿಯೊಂದರಿಂದಲೇ ಹತೋಟಿಗೆ ಬಾರದ 50 ಕೊಲೈಟಿಸ್ ರೋಗಿಗಳ ಪೈಕಿ 26 ಮಂದಿಗೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ, 4 ವಾರಗಳಲ್ಲಿ 14 ಮಂದಿಯ ಕಾಯಿಲೆ ಶಮನ ಸ್ಥಿತಿಗೆ ಬಂತು. ಮದ್ದಿಲ್ಲದ ಹುಸಿಗುಳಿಗೆ ಪಡೆದ 24 ಮಂದಿಯಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ದಿನಕ್ಕೆ 450 ಮಿಲಿಗ್ರಾಂ ಮಾತ್ರ ಕೊಟ್ಟು ನೋಡಿದ ಬೇರೊಂದು ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3ರಷ್ಟು. ಆ ಲೆಕ್ಕದಲ್ಲಿ 3 ಗ್ರಾಂ ಪಡೆಯಲು ದಿನಕ್ಕೆ 100 ಗ್ರಾಂನಷ್ಟು ಪುಡಿ ತಿನ್ನಬೇಕಾಗುತ್ತದೆ, ಅದು ಆಗದ ಮಾತು. ಆದ್ದರಿಂದ ಚಿಕಿತ್ಸೆಗೆ ಬೇಕಾದದ್ದು ಪ್ರಮಾಣ ನಮೂದಿಸಿರುವ, ಗುಣಮಟ್ಟ ಪರೀಕ್ಷೆಗೊಳಗಾದ ಸಾರ.

ಕರ್ಕ್ಯುಮಿನ್ ರಕ್ತಕ್ಕೆ ಬಹಳ ಕಡಿಮೆ ಸೇರುತ್ತದೆ. ಉಳಿದ ಕಾಯಿಲೆಗಳಲ್ಲಿ ಇದು ಕೊರತೆಯಾದರೂ, ಮದ್ದು ಕರುಳಿನಲ್ಲಿಯೇ ಉಳಿಯಬೇಕಾದ ಈ ಕಾಯಿಲೆಯಲ್ಲಿ ಅನುಕೂಲವೇ ಆಗಬಹುದು. ಹೀರಿಕೆ ಹೆಚ್ಚಿಸಲು ಕಾಳುಮೆಣಸಿನ ಪೈಪರಿನ್ ಬೆರೆಸಿದ ಗುಳಿಗೆಗಳನ್ನು ಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಪೈಪರಿನ್ ಇತರ ಔಷಧಿಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು.

ಉಳಿದವುಗಳಲ್ಲಿ ಇಸಬಗೋಲು ಕೊಲೈಟಿಸ್‌ನ ಶಮನ ಸ್ಥಿತಿಯನ್ನು ಕಾಯ್ದುಕೊಳ್ಳಲು ನೆರವಾಗಬಹುದು, ಆದರೆ ಕ್ರೋನ್ಸ್‌ನಿಂದ ಕರುಳು ಕಿರಿದಾದವರಿಗೆ ಅದು ಅಪಾಯ. ನೆಲಬೇವಿನ ಸಾರವು 224 ರೋಗಿಗಳ ಪ್ರಯೋಗದಲ್ಲಿ, ದಿನಕ್ಕೆ 1800 ಮಿಲಿಗ್ರಾಂ ಪಡೆದವರಲ್ಲಿ ಶೇ 60ರಷ್ಟು ಮಂದಿಗೆ ಗುಣ ತೋರಿತು. ಹುಸಿಗುಳಿಗೆಯವರಲ್ಲಿ ಇದು ಶೇ 40. ನೀಲಿ ಗಿಡದಿಂದ ತಯಾರಾಗುವ ಚೀನೀ ಪುಡಿ ಪರಿಣಾಮಕಾರಿಯಾದರೂ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದ ಪ್ರಕರಣಗಳು ವರದಿಯಾಗಿರುವುದರಿಂದ ಅದನ್ನು ಸ್ವಂತವಾಗಿ ಎಂದೂ ತೆಗೆದುಕೊಳ್ಳಬಾರದು.

ಮೂರನೆಯದಾಗಿ, ಮದ್ದಿನ ಡಬ್ಬಿಯನ್ನೇ ವೈದ್ಯರ ಮುಂದಿಟ್ಟು ಮಾತನಾಡಿ. ಪಿತ್ತಕೋಶದ ಕಲ್ಲು, ಯಕೃತ್ತಿನ ತೊಂದರೆ, ಗರ್ಭಧಾರಣೆ, ರಕ್ತ ತೆಳುವಾಗಿಸುವ ಔಷಧಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ, ಇವುಗಳಲ್ಲಿ ಯಾವುದಿದ್ದರೂ ಹೇಳಲೇಬೇಕು. ಈಗಿನ ಔಷಧಿಯನ್ನು ಒಂದು ದಿನವೂ ತಪ್ಪಿಸಬೇಡಿ, ಏಕೆಂದರೆ ಮೇಲ್ನೋಟಕ್ಕೆ ಹಿತವೆನಿಸಿದಾಗಲೂ ಒಳಗೆ ಉರಿಯೂತ ಮುಂದುವರಿದಿರಬಹುದು.

ಆನಂತರ ಒಂದು ಸಲಕ್ಕೆ ಒಂದೇ ಮದ್ದನ್ನು ಆರಂಭಿಸಿ. ಎರಡು ಒಟ್ಟಿಗೆ ಶುರುವಾದರೆ ಗುಣ ಯಾವುದರದು, ತೊಂದರೆ ಯಾವುದರದು ಎಂದು ತಿಳಿಯುವುದಿಲ್ಲ. ಮಲವಿಸರ್ಜನೆ ಎಷ್ಟು ಬಾರಿ ಆಯಿತು, ರಕ್ತ ಬಿತ್ತೇ, ರಾತ್ರಿ ಏಳಬೇಕಾಯಿತೇ ಎಂಬುದನ್ನು ದಿನವೂ ಬರೆದಿಡಿ. ಎರಡು ಮೂರು ತಿಂಗಳಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ಮಾಡಿಸಿ; ಕ್ಯಾಲ್‌ಪ್ರೊಟೆಕ್ಟಿನ್ ಅಂಕಿ ಇಳಿಯದಿದ್ದರೆ ಮದ್ದನ್ನು ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈಮೇಲೆ ದದ್ದು ಎದ್ದರೆ ಸಸ್ಯಮೂಲದ ಮದ್ದನ್ನು ಕೂಡಲೇ ನಿಲ್ಲಿಸಿ. ಜ್ವರ, ಹೊಟ್ಟೆಯುಬ್ಬರದೊಂದಿಗೆ ತೀವ್ರ ನೋವು ಅಥವಾ ಹೆಚ್ಚುತ್ತಿರುವ ರಕ್ತಸ್ರಾವ ಕಂಡುಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.