ಇಂಕ್‌ಜೆಟ್ ಪ್ರಿಂಟಿನ ಬಟ್ಟೆ ತೊಳೆಯೋದು: ನನ್ನ ಅನುಭವ

"ಒಂದು ಸಲ ಒಗೆದ್ರೆ ನಿಮ್ಮ ಫೋಟೋ ಚರಂಡಿಗೆ" ಅಂತ ನಕ್ಕವರೇ ಈಗ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ನಾನು ಕೌದಿಯ ನಡುವೆ ಹಳೇ ಫೋಟೋಗಳನ್ನು ಕಾಟನ್ ಮೇಲೆ ಪ್ರಿಂಟ್ ಮಾಡಿ ಹೊಲಿಯುತ್ತೇನೆ. ಹೋದ ವರ್ಷ ಕೊಟ್ಟ ಒಂದು ಕೌದಿ ಹತ್ತು ಹನ್ನೆರಡು ಒಗೆತ ಕಂಡಿರಬೇಕು. ಅದರಲ್ಲಿರುವ ಅಜ್ಜಿಯ ಮೂಗುತಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಬಟ್ಟೆಯ ಗಂಜಿ ತೆಗೆದು, ಕಾಗದದ ಹಾಗೆ ಗಟ್ಟಿಯಾಗಿ ನಿಲ್ಲಲಿ ಅಂತ ಸ್ಟಿಕರ್ ಶೀಟಿಗೆ ಅಂಟಿಸಿ ಪ್ರಿಂಟರಿಗೆ ಕೊಡೋದು ಸುಲಭದ ಕೆಲಸ. ತಲೆನೋವು ಇರೋದು ಆಮೇಲೆ.

ನನ್ನ ಟ್ಯಾಂಕ್ ಪ್ರಿಂಟರಿನಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ (ನೀರಲ್ಲಿ ಕರಗದ ಬಣ್ಣದ ಕಣಗಳ ಇಂಕು), ಉಳಿದ ಮೂರೂ ಡೈ ಇಂಕು (ನೀರಲ್ಲಿ ಕರಗುವ ಬಣ್ಣ). ಸೆಟ್ಟಿಂಗಿನಲ್ಲಿ ಫೋಟೋ ಪೇಪರ್ ಅಂತ ಕೊಟ್ಟರೆ ಅದು ಕಪ್ಪು ಇಂಕನ್ನು ಮುಟ್ಟುವುದೇ ಇಲ್ಲ, ಮೂರು ಬಣ್ಣ ಕಲಸಿ ಕಪ್ಪು ಮಾಡುತ್ತದೆ, ನೀರಿಗೆ ಬಿದ್ದ ತಕ್ಷಣ ಕೂದಲು ಹುಬ್ಬು ಎಲ್ಲಾ ನೇರಳೆ ಬಣ್ಣ. ಪ್ಲೇನ್ ಪೇಪರ್ ಅಂತ ಕೊಡಿ, ಮುಖದ ಗೆರೆಗಳು ಉಳಿಯುತ್ತವೆ. ಎಪ್ಸನ್ ಡ್ಯೂರಾಬ್ರೈಟ್‌ನಂಥ ಪೂರ್ತಿ ಪಿಗ್ಮೆಂಟ್ ಇಂಕು ಇರುವವರಿಗೆ ಈ ಗೋಳು ಅರ್ಧಕ್ಕರ್ಧ ಕಡಿಮೆ.

ಬಣ್ಣ ನಿಲ್ಲೋಕೆ ಉಪ್ಪು ಹಾಕಿ, ವಿನಿಗರ್ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಕಾಟನ್ ಮೇಲೆ ಎರಡೂ ದಂಡ. ಪ್ರಿಂಟಿಗೆ ಮುಂಚೆ ಬಟ್ಟೆ ನೆನೆಸುವ ಅಮೆರಿಕದ ದ್ರಾವಣ ಬಬಲ್ ಜೆಟ್ ಸೆಟ್ 2000 ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ತರಿಸುವ ಖರ್ಚೂ ಸೇರಿ ಒಂದು ಬಾಟಲಿಗೆ 3000 ರೂಪಾಯಿ ದಾಟಿತ್ತು ಅಂತ ನೆನಪು. ಕೌದಿ ಮಾರಿ ಇದಕ್ಕೆ ಸುರಿಯೋಕಾಗುತ್ತಾ? ಈಗ ಪಟಿಕ, ವಾಷಿಂಗ್ ಸೋಡಾ, ಫ್ಯಾಬ್ರಿಕ್ ಸಾಫ್ಟನರ್ ಮೂರನ್ನೂ ಬಿಸಿನೀರಲ್ಲಿ ಕಲಸಿ, ಪ್ರಿಂಟಿಗೆ ಮುಂಚೆಯೇ ಬಟ್ಟೆ ನೆನೆಸಿ ಹಿಂಡದೆ ಒಣಗಿಸುತ್ತೇನೆ. ಪಟಿಕದ ನೀರಿಗೆ ಸೋಡಾ ಬಿದ್ದರೆ ಭುಸ್ ಅಂತ ನೊರೆ ಉಕ್ಕುತ್ತದೆ, ದೊಡ್ಡ ಬಕೆಟ್ ಇಟ್ಟುಕೊಳ್ಳಿ. ಅಳತೆ ಮಾತ್ರ ಕೇಳಬೇಡಿ, ಹೊಟ್ಟೆಪಾಡು! ಎ4 ಅಳತೆಯ ತುಂಡಿಗೆ ಇಂಕು ಬಟ್ಟೆ ಎಲ್ಲಾ ಸೇರಿ 25–30 ರೂಪಾಯಿ ಬೀಳುತ್ತದೆ.

ಪ್ರಿಂಟ್ ಆದ ಮೇಲೆ ಒಂದು ಪೂರ್ತಿ ದಿನ ಮುಟ್ಟುವುದಿಲ್ಲ. ಆಮೇಲೆ ಸ್ಟಿಕರ್ ಕಿತ್ತು, ಹಿಂಭಾಗಕ್ಕೆ ಒಣ ಇಸ್ತ್ರಿ. ತೊಳೆಯೋಕೆ ಅಗಲವಾದ ಟ್ರೇ, ತಣ್ಣೀರು, ಎರಡು ಹನಿ ಮಕ್ಕಳ ಶಾಂಪೂ. ನಮ್ಮ ಬೋರ್ ನೀರಲ್ಲಿ ಸೋಪು ಒಡೆದು ಬಟ್ಟೆಗೆ ಬಿಳಿ ಪುಡಿ ಹಿಡಿಯುತ್ತದೆ, ಅದಕ್ಕೆ ನಾನು ಮಳೆನೀರು ಹಿಡಿದಿಡುತ್ತೇನೆ. ಚಿತ್ರ ಮೇಲ್ಮುಖವಾಗಿ ಮುಳುಗಿಸಿ ಟ್ರೇಯನ್ನು ಅತ್ತ ಇತ್ತ ಆಡಿಸುತ್ತಲೇ ಇರಬೇಕು. ಅಂಚಿನಿಂದ ಗುಲಾಬಿ ಹೊಗೆ ಥರ ಬಣ್ಣ ಬಿಡುವುದು ಕಾಣುತ್ತದೆ, ಗಾಬರಿ ಬೇಡ, ಅದು ಬಟ್ಟೆ ಹಿಡಿದುಕೊಳ್ಳದ ಜಾಸ್ತಿ ಇಂಕು. ಆ ನೀರು ನಿಂತರೆ ಮಾತ್ರ ಕೆಲಸ ಕೆಟ್ಟಿತು, ಬಿಟ್ಟ ಬಣ್ಣವೇ ಫೋಟೋದಲ್ಲಿರುವ ಬಿಳಿ ಸೀರೆಗೆ, ಹಲ್ಲುಗಳಿಗೆ ಹೋಗಿ ಕೂರುತ್ತದೆ. ಬಣ್ಣ ಕಂಡ ಕೂಡಲೇ ನೀರು ಚೆಲ್ಲಿ ಹೊಸದು ಹಾಕಿ, ನೀರು ತಿಳಿಯಾಗುವವರೆಗೆ. ಎರಡು ಮೂರು ನಿಮಿಷದಲ್ಲಿ ಮುಗಿಸಿ. ಹಿಂಡಬೇಡಿ, ಒದ್ದೆಯಲ್ಲಿ ಮಡಚಲೇಬೇಡಿ. ಹಳೇ ಟವೆಲ್ ಮೇಲೆ ಹಾಸಿ, ಇನ್ನೊಂದು ಟವೆಲಿನಿಂದ ಒತ್ತಿ, ನೆರಳಲ್ಲಿ ಒಣಗಿಸಿ.

ನಡುವೆ ರೇಷ್ಮೆಯ ಹುಚ್ಚೂ ಹತ್ತಿತು. ಬ್ಲೌಸ್ ಪೀಸಿನ ತುಂಡಿಗೆ ಪ್ರಿಂಟ್ ಮಾಡಿ, ಬಿಳಿ ಕಾಗದದಲ್ಲಿ ಸುತ್ತಿ, ಹಳೇ ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆ ಕೊಟ್ಟೆ. ಅದೇ ಡೈ ಇಂಕು ಕಾಟನ್‌ಗಿಂತ ಎಷ್ಟೋ ಗಟ್ಟಿಯಾಗಿ ಕೂತಿತು! ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಹಬೆಯ ಹನಿ ಬಿದ್ದರೆ ಅಲ್ಲೊಂದು ಚುಕ್ಕೆ ಗ್ಯಾರಂಟಿ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಬರಬಾರದು, ಇದನ್ನು ನಮ್ಮ ಮನೆಯವರು ಹೇಳಿ ಬರೆಸಿದ್ದು.

ಕೌದಿ ಒಯ್ಯುವವರಿಗೆ ಒಂದು ಚೀಟಿ ಕೊಡುತ್ತೇನೆ: ಕೈಯಲ್ಲೇ ಒಗೀರಿ, ತಣ್ಣೀರು, ಲಿಕ್ವಿಡ್ ಸೋಪು, ಬ್ಲೀಚ್ ಬೇಡ, ಫೋಟೋ ಮೇಲೆ ಬ್ರಷ್ ಬೇಡ, ಇಸ್ತ್ರಿ ಹಿಂದಿನಿಂದ. ಬಿಸಿಲಿಗೆ ಮಾತ್ರ ನನ್ನ ಹತ್ರ ಇನ್ನೂ ಮದ್ದಿಲ್ಲ. ಕಿಟಕಿ ಪಕ್ಕ ನೇತುಹಾಕಿದ ಒಂದು ಸ್ಯಾಂಪಲ್ ಒಂದೇ ಬೇಸಿಗೆಗೆ ಅರ್ಧ ಮಾಸಿತು. ಗೋಡೆಗೆ ಬೇಕು ಅನ್ನುವವರಿಗೆ ಈಗ ಕಪ್ಪು-ಬಿಳುಪು ಫೋಟೋವನ್ನೇ ಒಪ್ಪಿಸುತ್ತೇನೆ, ಬರೀ ಕಪ್ಪು ಇಂಕಿನಲ್ಲಿ.