ಒಣ ಯೀಸ್ಟಿಗೆ ತಣ್ಣೀರು ಬೇಡ

ಪಾವ್ ಹಿಟ್ಟು ಉಬ್ಬಲಿಲ್ಲ, ಅಂಟಂಟಾಗಿ ಹರಡಿಕೊಂಡಿತು ಎಂದ ಕೂಡಲೇ ಎಲ್ಲರೂ ಯೀಸ್ಟ್ ಹಳೆಯದು ಎಂದು ಬಿಡುತ್ತಾರೆ. ನನ್ನ ಅನುಮಾನ ಮೊದಲು ಹೋಗುವುದು ನೆನೆಸಿದ ನೀರಿನ ಮೇಲೆ.

ಸಾಸಿವೆಗಿಂತ ಸಣ್ಣ ಆ ಕಂದು ಕಾಳುಗಳಲ್ಲಿ ನೀರಿನ ಪಸೆ ಹೆಚ್ಚೇನೂ ಇರುವುದಿಲ್ಲ. ಆದರೂ ಜೀವ ಹಿಡಿದಿರುವುದು ಟ್ರೆಹಲೋಸ್ ಎಂಬ ಸಕ್ಕರೆಯಿಂದ. ಎರಡು ಗ್ಲೂಕೋಸ್ ಕಣ ಬೆಸೆದರೆ ಟ್ರೆಹಲೋಸ್. ಬಿಸಿಲು, ಬರ, ಉಪವಾಸದ ಸೂಚನೆ ಸಿಕ್ಕರೆ ಯೀಸ್ಟ್ ಇದನ್ನು ಕೂಡಿಟ್ಟುಕೊಳ್ಳುತ್ತದೆ. ಇದು ಬರೀ ಬುತ್ತಿಯಲ್ಲ. ನೀರು ಬಿಟ್ಟುಹೋದ ಜಾಗದಲ್ಲಿ ತಾನು ನಿಂತು ಕೋಶದ ಪೊರೆ, ಪ್ರೋಟೀನುಗಳು ಮುದುಡಿ ಕೆಡದಂತೆ ಕಾಯುತ್ತದೆ.

ಆದರೆ ಮತ್ತೆ ನೀರು ಕುಡಿಯುವ ಗಳಿಗೆ ನಾಜೂಕಿನದು. ತಣ್ಣೀರು ಹಾಕಿದರೆ ಪೊರೆ ಸರಿಯಾಗಿ ಕೂಡಿಕೊಳ್ಳುವ ಮೊದಲೇ ಒಳಗಿನ ಸಾರ ಸೋರುತ್ತದೆ. ಅದರಲ್ಲಿರುವ ಗ್ಲುಟಥಯೋನ್ ಎಂಬ ವಸ್ತು ಹಿಟ್ಟಿನ ಬಿಗಿಯನ್ನೂ ಸಡಿಲಿಸುತ್ತದೆ. ಹಾಗಾಗಿ ನೀರು ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಲಿ, ಮಗುವಿನ ಸ್ನಾನದ ನೀರಿಗಿಂತ ಒಂಚೂರು ಬಿಸಿ. 60 ದಾಟಿದರೆ ಯೀಸ್ಟ್ ಸತ್ತಂತೆಯೇ. ಹತ್ತು ನಿಮಿಷದಲ್ಲಿ ನೊರೆ ಬರಬೇಕು. ಇನ್‌ಸ್ಟಂಟ್ ಯೀಸ್ಟಿಗೆ (ಒಣ ಯೀಸ್ಟಿನದೇ ಇನ್ನೊಂದು ಬಗೆ) ಈ ಉಪಚಾರ ಬೇಕಿಲ್ಲ, ನೇರ ಹಿಟ್ಟಿಗೇ ಬೆರೆಸಿ.

ನಾದಿದ ಹಿಟ್ಟನ್ನು ಫ್ರೀಜರಿನಲ್ಲಿ ಇಡುವವರಿಗೆ ಇನ್ನೊಂದು ಮಾತು: ಉಬ್ಬಿದ ಮೇಲೆ ಇಡಬೇಡಿ, ನಾದಿದ ತಕ್ಷಣ ಇಡಿ. ಹುದುಗು ಶುರುವಾದ ಕೂಡಲೇ ಯೀಸ್ಟ್ ತನ್ನ ಟ್ರೆಹಲೋಸನ್ನು ಕರಗಿಸಿಕೊಳ್ಳುತ್ತದೆ, ಆಮೇಲೆ ಚಳಿಗೆ ಹೊದಿಕೆಯೇ ಇರುವುದಿಲ್ಲ.