ಸ್ಕ್ಯಾನರ್ ಮೇಲೆ ಚರ್ಟ್ ಕಲ್ಲು: ನನ್ನ ಅನುಭವ

"ಕಾಗದ ಸ್ಕ್ಯಾನ್ ಮಾಡೋ ಡಬ್ಬದ ಮೇಲೆ ಕಲ್ಲಿಟ್ಟರೆ ಏನ್ರೀ ಕಾಣುತ್ತೆ?" ಎಂದು ನಕ್ಕವರೇ ಈಗ ಫೈಲ್ ಕಳಿಸಿ ಎನ್ನುತ್ತಿದ್ದಾರೆ. ಕಲ್ಲಾದ ಗಿಡಗಳ ಒಳರಚನೆಯನ್ನು ಸ್ಕ್ಯಾನರ್‌ನಲ್ಲಿ ನೋಡುವುದು ಹೇಗೆಂದು ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುತ್ತೇನೆ.

ಕಲ್ಲು ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಮೋಹಗಾಂವ್ ಕಲಾಂ ಕಡೆಯದು, ರೈತರು ಹೊಲದಿಂದ ಆಯ್ದು ಬದುವಿಗೆ ಎಸೆದದ್ದು. ಸಸ್ಯ ಪಳೆಯುಳಿಕೆ ವಿಜ್ಞಾನಿ ಬೀರಬಲ್ ಸಾಹ್ನಿಯವರ ಕಾಲದಿಂದ ಎಲ್ಲರಿಗೂ ಗೊತ್ತಿರುವ ಇಂಟರ್‌ಟ್ರಾಪಿಯನ್ ಚರ್ಟ್, ಅಂದರೆ ಲಾವಾ ಪದರಗಳ ನಡುವೆ ಸಿಗುವ ಗಟ್ಟಿ ಸಿಲಿಕಾ ಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿವುಗಳ ನಡುವೆ ನಿಂತ ನೀರು, ಅದರೊಳಗಿನ ಗಿಡಗಳು ಜೀವಕೋಶದ ಗೋಡೆ ಸಮೇತ ಸಿಲಿಕಾ ಆಗಿವೆ.

ಚರ್ಟ್‌ನಿಂದ ಪೀಲ್ (ಆಮ್ಲದಿಂದ ಕೊರೆದ ಮೇಲ್ಮೈಯ ತೆಳು ಪ್ಲಾಸ್ಟಿಕ್ ಅಚ್ಚು) ತೆಗೆಯಲು ಹೈಡ್ರೋಫ್ಲೋರಿಕ್ ಆಮ್ಲವೇ ಬೇಕು. ವಿಷದ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದವರಿಗೆ ಅದರ ಸಹವಾಸ ಬೇಡವೇ ಬೇಡ. ತೆಳುಸೀಳು (ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳ್ಳಗೆ ಅರೆದ ಕಲ್ಲಿನ ಸ್ಲೈಡ್) ಮಾಡಿಸಿದೆ, ಒಂದಕ್ಕೆ ಸಾವಿರದ ಆಸುಪಾಸು ರೂಪಾಯಿ. ದುಡ್ಡು ಹೋದದ್ದಕ್ಕಿಂತ ಹೆಚ್ಚು ಉರಿದದ್ದು ಬ್ಲೇಡಿನ ಮೇಲೆ. ಪ್ರತಿ ಕೊಯ್ತಕ್ಕೂ ಅದು ಒಂದೂವರೆ ಮಿಲಿಮೀಟರ್ ತಿನ್ನುತ್ತದೆ. ಕಿರುಬೆರಳಷ್ಟು ದಪ್ಪದ ದಂಟಿನಲ್ಲಿ ನನಗೆ ಬೇಕಾದದ್ದೆಲ್ಲ ಆ ಕೆಸರಿನಲ್ಲೇ ಕೊಚ್ಚಿಹೋಗುತ್ತಿತ್ತು.

ಕೊನೆಗೆ ಕೊಯ್ಯುವುದನ್ನೇ ಬಿಟ್ಟೆ. ಕಲ್ಲನ್ನು ರೆಸಿನ್‌ನಲ್ಲಿ (ಗಟ್ಟಿಯಾಗುವ ಅಂಟು) ಕೂರಿಸಿ, ಗಾಜಿನ ಮೇಲೆ ಕಾರ್ಬೊರಂಡಮ್ ಎಂಬ ಉಜ್ಜುವ ಪುಡಿಯಲ್ಲಿ ಅರೆಯುವುದು, ಸ್ಕ್ಯಾನ್ ಮಾಡುವುದು, ಮತ್ತೆ ಅರೆಯುವುದು. (ಯಾವಾಗಲೂ ನೀರು ಹಾಕಿಯೇ, ಒಣ ಸಿಲಿಕಾ ಧೂಳು ಶ್ವಾಸಕೋಶ ತಿನ್ನುತ್ತದೆ.) ಎಷ್ಟು ಸವೆಯಿತು ಎಂದು ತಿಳಿಯಲು ರೆಸಿನ್‌ನಲ್ಲಿ ಎರಡು ಪೆನ್ಸಿಲ್ ಲೆಡ್ ಹೂತಿಡುತ್ತೇನೆ, ಒಂದು ನೆಟ್ಟಗೆ, ಇನ್ನೊಂದು 45 ಡಿಗ್ರಿ ಓರೆಯಾಗಿ. ಸ್ಕ್ಯಾನ್‌ನಲ್ಲಿ ಎರಡು ಕಪ್ಪು ಚುಕ್ಕೆಗಳ ಅಂತರ ಎಷ್ಟು ಬದಲಾಯಿತೋ ಅಷ್ಟೇ ಸವೆತ. ಕ್ಯಾಲಿಪರ್‌ಗಿಂತ ಇದೇ ನಂಬಿಕೆಗೆ ಅರ್ಹ.

ಹೊಸ ತೆಳ್ಳನೆಯ ಸಿಐಎಸ್ (ಗಾಜಿನ ಅಡಿಗೇ ಸಂವೇದಕ ಇರುವ) ಸ್ಕ್ಯಾನರ್ ತರಬೇಡಿ. ಗಾಜಿಗೆ ತಾಗಿದ್ದು ಬಿಟ್ಟರೆ ಮಿಕ್ಕಿದ್ದೆಲ್ಲ ಮಬ್ಬು. ಹಳೆಯ ದಪ್ಪನೆಯ ಸಿಸಿಡಿ (ಕನ್ನಡಿ, ಮಸೂರದ ಮೂಲಕ ನೋಡುವ) ಮಾದರಿ ಗುಜರಿಯಲ್ಲಿ ನನಗೆ ಎರಡೂವರೆ ಸಾವಿರಕ್ಕೆ ಸಿಕ್ಕಿತು. ಪುಡಿ, ರೆಸಿನ್ ಸೇರಿದರೂ ನಾಲ್ಕು ಸ್ಲೈಡಿನ ಖರ್ಚು ದಾಟಲಿಲ್ಲ. 4800 ಡಿಪಿಐ (ಇಂಚಿಗೆ 4800 ಚುಕ್ಕೆ) ಎಂದರೆ ಲೆಕ್ಕಕ್ಕೆ ಒಂದು ಚುಕ್ಕೆ ಐದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಐದು ಭಾಗ), ನಿಜಕ್ಕೆ ಅದರ ಮೂರು ಪಟ್ಟು ಅಂದುಕೊಳ್ಳಿ. ನೀರಿನ ಗಿಡದ ದಂಟಿನೊಳಗಿನ ಗಾಳಿನಾಳ ನೋಡಲು ಅಷ್ಟು ಧಾರಾಳ ಸಾಕು.

ಕಲ್ಲಿಗೂ ಗಾಜಿಗೂ ನಡುವೆ ನೀರು ಹಾಕಿದರೆ ಅರ್ಧದಲ್ಲೇ ಗುಳ್ಳೆ ಏಳುತ್ತದೆ. ಗ್ಲಿಸರಿನ್ ಹಾಕಿ. ಅದರ ವಕ್ರೀಭವನಾಂಕ (ಬೆಳಕನ್ನು ಬಗ್ಗಿಸುವ ಪ್ರಮಾಣ) 1.47, ಚರ್ಟ್‌ನದು 1.54ರ ಹತ್ತಿರ, ಹಾಗಾಗಿ ಗೀರುಗಳು ಮಾಯವಾಗುತ್ತವೆ. 600 ನಂಬರಿನ ನುಣ್ಣನೆಯ ಪುಡಿಯ ನಂತರ ಪಾಲಿಶ್ ಮಾಡುವುದೇ ದಂಡ. ಗ್ಲಿಸರಿನ್‌ಗೆ ನಾನು ಇನ್ನೊಂದು ದ್ರವ ಬೆರೆಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ತಾವರೆ ದಂಟು, ಕೆಸುವಿನ ದಂಟು, ಜೊಂಡು, ಎಲ್ಲವನ್ನೂ ಕೊಯ್ದು ಅದೇ ಗಾಜಿನ ಮೇಲಿಟ್ಟು ನೋಡಿದೆ. ತಾವರೆಯ ದೊಡ್ಡ ನಾಳಗಳು ಚೆನ್ನಾಗಿ ಬಂದವು, ಜೊಂಡು ಗ್ಲಿಸರಿನ್ ಹೀರಿ ಹಾಳಾಯಿತು. ಆದರೂ ಹೋಲಿಕೆಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಈಗ ಫಲಿತಾಂಶ. ಒಂದು ದಂಟಿನಲ್ಲಿ ಸುತ್ತ ಗಾಳಿನಾಳಗಳು, ನಾಳ ನಾಳಗಳ ನಡುವೆ ಒಂದೇ ಸಾಲು ಕೋಶದ ಗೋಡೆ. ನೀರಿನ ಗಿಡ, ಅದರಲ್ಲಿ ತಕರಾರಿಲ್ಲ. ಒಂದು ನಾಳದೊಳಗೆ ದುಂಡನೆಯ ಕಂದು ಚುಕ್ಕೆಯಿತ್ತು. ತೆಳುಸೀಳಿನಲ್ಲಿ ಅದನ್ನು ನೋಡಿದ್ದ ಅನುಭವಿಯೊಬ್ಬರು ಎಲೆಗೆ ಹೋಗುವ ನಾಳಕೂರ್ಚ (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟು) ಎಂದಿದ್ದರು. ನಾನು ಅರೆಯುತ್ತಾ ಹೋದಂತೆ ಆ ಚುಕ್ಕೆ ಹೊರಕ್ಕೆ ಸರಿಯಿತು, ತೊಗಟೆ ದಾಟಿತು, ಪಕ್ಕದ ಕೆಸರಿಗೆ ಇಳಿಯಿತು. ಅಲ್ಲಿ ಅದರಿಂದ ಕವಲೂ ಒಡೆದಿತ್ತು. ಅದು ಆ ಗಿಡದ್ದೇ ಅಲ್ಲ. ಸತ್ತು ಬಿದ್ದ ದಂಟನ್ನು ಕೊರೆದು ನುಗ್ಗಿದ ಬೇರೆ ಗಿಡದ ಬೇರು!

ಇದು ಮುಖ್ಯವೇಕೆಂದರೆ, ಹೊಳೆ ತಂದು ಗುಡ್ಡೆ ಹಾಕಿದ ಕಸದಲ್ಲಿ ಹೀಗೆ ಬೇರು ಓಡಾಡುವುದಿಲ್ಲ. ಗಿಡಗಳು ಒಂದರ ಮೇಲೊಂದು ಅಲ್ಲೇ ಹುಟ್ಟಿ, ಅಲ್ಲೇ ಕೊಳೆತ ಜೌಗು ಇದು. ಒಂದೇ ಸೀಳು ನೋಡಿ ಹೇಳುವ ಅಭ್ಯಾಸ ನಮ್ಮವರು ಬಿಡಬೇಕು.

ಆ ಜೌಗಿನ ನೀರು ಸಿಹಿಯೋ ಉಪ್ಪೋ ಎಂದರೆ ಮಾತ್ರ ಜಗಳ ಶುರು. ಛಿಂದ್ವಾಡಾದ ಚರ್ಟ್‌ನಲ್ಲಿ ಸಿಹಿನೀರಿನ ಮೇಲೆ ತೇಲುವ ಜರೀಗಿಡ ಅಜೋಲಾ ಸಿಕ್ಕಿದೆ. ಮೋಹಗಾಂವ್‌ನಲ್ಲೇ ಅಳಿವೆ ಕೆಸರಿನ ನೀಪಾ ತಾಳೆಯ ಹಣ್ಣೂ ಸಿಕ್ಕಿದೆ. ನೀಪಾ ಹಣ್ಣು ತೇಲುತ್ತದೆ, ಆದ್ದರಿಂದ ಬರೀ ಹಣ್ಣು ನೋಡಿ ಅಳಿವೆ ಎನ್ನಲು ನಾನು ತಯಾರಿಲ್ಲ. ಹೀಗೆಯೇ ನೆಲ ಕೊರೆದು ನಿಂತ ನೀಪಾ ಬೇರು ಯಾರಾದರೂ ತೋರಿಸಲಿ, ಆಗ ಒಪ್ಪುತ್ತೇನೆ.